ಮೋಡ ಕಂಡರೆ ನಿಚ್ಚಣಿಕೆ ಹತ್ತುವವಳು

ಮಳೆಗಾಲ ಮುಗಿಯುವವರೆಗೂ ನನ್ನ ನೆಗೆಣ್ಣಿಯ ಬಲಗೈ ಉಗುರುಗಳ ಕಪ್ಪು ಹೋಗುತ್ತಿರಲಿಲ್ಲ. ರೊಟ್ಟಿ ಹಿಟ್ಟು ನಾದುವ ಮೊದಲು ಹಿಂಡಿದ ನಿಂಬೆ ಹೋಳಿನಿಂದ ತಿಕ್ಕುತ್ತಿದ್ದಳು, ಮೂಸಿ ನೋಡುತ್ತಿದ್ದಳು, ಮತ್ತೆ ತಿಕ್ಕುತ್ತಿದ್ದಳು. ಅದು ಪರ್ನಾಲಾದ ಕೆಸರು. ನಮ್ಮ ತಾರ್ನಾಕದ ಮನೆಯ ಹಿಂಭಾಗಕ್ಕೆ ಸಿಮೆಂಟ್ ರೇಕುಗಳ, ಅಂದರೆ ಶೀಟುಗಳ, ಮಾಡು. ರೇಕುಗಳಿಂದ ಇಳಿದ ಮಳೆನೀರನ್ನು ಹಿಡಿದು ಮೂಲೆಯ ಪೈಪಿಗೆ ಸಾಗಿಸುವ ಉದ್ದನೆಯ ತಗಡಿನ ದೋಣಿಯನ್ನು ಓಣಿಯವರಂತೆ ನಾವೂ ಪರ್ನಾಲಾ ಎನ್ನುತ್ತಿದ್ದೆವು. ಅದರ ಕಸ ತೆಗೆಯುವ ಕೆಲಸಕ್ಕೆ ಆಕೆ ಬೇರೆ ಯಾರನ್ನೂ ಬಿಡುತ್ತಿರಲಿಲ್ಲ.

ಆಕೆ ನನ್ನ ಗಂಡನ ಅಣ್ಣನ ಹೆಂಡತಿ. ರಾಯಚೂರು ಕಡೆಯಿಂದ ಸರ್ಕಾರಿ ಕಾರ್ಖಾನೆಯ ನೌಕರಿಗೆ ಬಂದ ನಮ್ಮ ಮಾವ ಕಟ್ಟಿಸಿದ ಆ ಮನೆಗೆ ನಾನು ಸೊಸೆಯಾಗಿ ಬರುವಾಗ ಅತ್ತೆ ಮಾವ ಇಬ್ಬರೂ ಇರಲಿಲ್ಲ. ಇದ್ದವಳು ಆಕೆ. ಆಕೆಗೆ ಎಲ್ಲದಕ್ಕೂ ಹೆದರಿಕೆ. ಕುಕ್ಕರಿನ ಸೀಟಿಗೆ, ಗುಡುಗಿಗೆ, ರಸ್ತೆ ದಾಟುವುದಕ್ಕೆ. ನನ್ನ ಗಂಡ ಪಟಾನ್‌ಚೆರುವಿನ ಔಷಧ ಕಾರ್ಖಾನೆಯಿಂದ ಬರುವ ಬಸ್ಸು ತಡವಾದರೆ ನನಗಿಂತ ಮೊದಲು ಆಕೆ ಗೇಟಿನ ಬಳಿ ನಿಂತಿರುತ್ತಿದ್ದಳು. ಅಂಥವಳು ಮೋಡ ಕಂಡರೆ ಸಾಕು, ಸೆರಗು ಬಿಗಿದು ಬಿದಿರಿನ ನಿಚ್ಚಣಿಕೆ ಹತ್ತಿಬಿಡುವಳು.

"ಅಂಜಿಕಿ ಆಗಂಗಿಲ್ಲೇನ್ರಿ ಅಕ್ಕಾ?" ಎಂದು ಒಮ್ಮೆ ಕೇಳಿದ್ದೆ.

"ಭಾಳ ಆಗತೈತಿ. ಹತ್ತಲಿಲ್ಲ ಅಂದ್ರ ಇನ್ನೂ ಹೆಚ್ಚಾಗತೈತಿ," ಎಂದಳು. "ಆ ಮೂಲಿ ಕೆಳಗ ಏನೈತಿ ನೋಡು."

ಅಲ್ಲಿ ಕರೆಂಟಿನ ಮೀಟರ್ ಬೋರ್ಡು ಇತ್ತು. ಪರ್ನಾಲಾ ಕಟ್ಟಿಕೊಂಡು ಉಕ್ಕಿದರೆ ನೀರು ಗೋಡೆ ಹಿಡಿದು ಅದರ ಮೇಲೆಯೇ ಇಳಿಯಬೇಕು.

ಕಂಪ್ಯೂಟರ್ ನೌಕರಿಗೆಂದು ಊರಿಗೆ ಊರೇ ಹುಡುಗ ಹುಡುಗಿಯರಿಂದ ತುಂಬುತ್ತಿದ್ದ ಕಾಲ ಅದು. ಪಕ್ಕದ ಹಳೆ ಬಂಗಲೆಯನ್ನು ಕೆಡವಿ ಅವರಿಗೆ ಬಾಡಿಗೆ ಕೊಡಲು ಐದಂತಸ್ತಿನ ಕಟ್ಟಡ ಏಳಿಸುತ್ತಿದ್ದರು. ಅಲ್ಲಿಂದ ಮರಳು, ಸಿಮೆಂಟ್ ಚೀಲದ ಚೂರು, ಥರ್ಮಾಕೋಲು ನಮ್ಮ ರೇಕುಗಳ ಮೇಲೆ ಉದುರುತ್ತಿತ್ತು. ಕಂಪ್ಯೂಟರ್ ಕೋರ್ಸುಗಳ ಕರಪತ್ರಗಳು ಹಾರಿಬಂದು ಒದ್ದೆ ತಗಡಿಗೆ ಅಂಟಿಕೊಳ್ಳುತ್ತಿದ್ದವು. ಆಕೆ ಎಷ್ಟು ತೆಗೆದರೂ ಮರುದಿನ ಅಷ್ಟೇ ಇರುತ್ತಿತ್ತು.

ಆ ವರ್ಷ ನಾನು ಬಸುರಿ. ತವರಿನಲ್ಲಿ ತಾಯಿ ಇಲ್ಲದ್ದರಿಂದ ಹೆರಿಗೆ, ಬಾಣಂತನ ಎಲ್ಲ ಇಲ್ಲೇ ಎಂದು ಆಕೆಯೇ ಹಟ ಹಿಡಿದಿದ್ದಳು. ಮಳೆಗಾಲದ ಮೊದಲ ಕಸ ತೆಗೆಯಲು ಮೇಲೆ ಹೋದವಳು ಬರಿಗೈಯಲ್ಲಿ ಇಳಿದು ಬಂದಳು. ಪೈಪಿನ ಬಾಯಿಯ ಮೇಲೆಯೇ ಪಾರಿವಾಳ ಗೂಡು ಕಟ್ಟಿ ಎರಡು ಮೊಟ್ಟೆ ಇಟ್ಟಿತ್ತು.

"ತೆಗೆದು ಒಗಿ, ಅದರಾಗೇನೈತಿ?" ಎಂದರು ನಮ್ಮ ಭಾವ.

"ಬಸುರಿ ಇರೋ ಮನ್ಯಾಗ ಗೂಡು ಕೀಳಬಾರದು," ಎಂದು ಆಕೆ ಒಳಗೆ ಹೋದಳು.

ಕಾರಣವನ್ನು ನನ್ನ ಗಂಡ ಆಮೇಲೆ ಹೇಳಿದ. ಆಕೆ ಹೊಸ ಸೊಸೆಯಾಗಿದ್ದಾಗ ಅದೇ ಜಾಗದ ಗೂಡನ್ನು ಕಿತ್ತಿದ್ದಳಂತೆ. ಕೆಲವೇ ದಿನಗಳಲ್ಲಿ ಆಕೆಯ ಬಸಿರು ಇಳಿದುಹೋಯಿತು. "ಗೂಡು ಕಿತ್ತ ಕೈ" ಎಂದು ನಮ್ಮ ಅತ್ತೆ ಸಾಯುವವರೆಗೂ ಅಂದರು. ಮತ್ತೆ ಆಕೆಗೆ ಮಕ್ಕಳಾಗಲಿಲ್ಲ.

ಈ ಸಲದ ಮೊಟ್ಟೆಗಳು ಕಂಡಂದಿನಿಂದ ಆಕೆಗೆ ಎರಡು ಕಡೆಯ ಹೆದರಿಕೆ. ಗೂಡು ತೆಗೆಯುವಂತಿಲ್ಲ, ಪರ್ನಾಲಾ ಕಟ್ಟಿಕೊಳ್ಳುವಂತಿಲ್ಲ. ಮೋಡ ಕವಿದಾಗಲೆಲ್ಲ ಮೇಲೆ ಹೋಗಿ, ಪಾರಿವಾಳ ರೆಕ್ಕೆಯಿಂದ ಕೈಗೆ ಹೊಡೆಯುತ್ತಿದ್ದರೂ, ಗೂಡಿನ ಸುತ್ತಲಿನ ಕಸವನ್ನು ಎರಡು ಬೆರಳಲ್ಲಿ ಹೆಕ್ಕುತ್ತಿದ್ದಳು. ಕೆಳಗೆ ಬಂದು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು, "ಕೂಸು ಆಡಾಕತ್ತೈತಿಲ್ಲ?" ಎಂದು ಕೇಳುತ್ತಿದ್ದಳು.

ಒಂದು ಮಧ್ಯಾಹ್ನ ಆಕೆ ಪಡಿತರ ಅಂಗಡಿಗೆ ಹೋಗಿದ್ದಾಗ ಮಳೆ ಬಂತು. ಬಂತೆಂದರೆ, ಎದುರಿನ ಮನೆ ಕಾಣದಷ್ಟು ಬಂತು. ಹಿಂದಿನ ಕೋಣೆಯ ಕಿಟಕಿ ಮುಚ್ಚಲು ಸರಳಿಗೆ ಕೈ ಹಾಕಿದೆ. ಮೊಣಕೈವರೆಗೆ ಜುಮ್ಮೆಂದಿತು. ಕೈ ಹಿಂದಕ್ಕೆಳೆದುಕೊಂಡು ನೋಡಿದರೆ ಗೋಡೆಯ ಉದ್ದಕ್ಕೂ ನೀರು ಇಳಿಯುತ್ತಿದೆ, ನೆಲವೂ ಒದ್ದೆಯಾಗುತ್ತಿದೆ. ನನಗೆ ಕಾಲೆತ್ತಿಡಲೂ ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ಆಕೆ ತೊಯ್ದು ತೊಪ್ಪೆಯಾಗಿ ಓಡಿಬಂದಳು. ಹೊರಗಿನಿಂದಲೇ ಕೂಗಿದಳು: "ಏನೂ ಮುಟ್ಟಬ್ಯಾಡ! ಹೊರಸಿನ ಮ್ಯಾಲೆ ಹತ್ತಿ ಕುಂದರು! ಕಾಲು ಕೆಳಗ ಇಡಬ್ಯಾಡ!"

ನಾನು ಹೊರಸು ಹತ್ತಿದೆ. ಆಕೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಂತು, ಒಣಗಿದ ಲಟ್ಟಣಿಗೆಯಿಂದ ಮೇನ್ ಸ್ವಿಚ್ಚನ್ನು ಕೆಳಗೆ ತಳ್ಳಿದಳು. ಫ್ಯಾನು ನಿಂತಿತು. ಆದರೆ ಬೋರ್ಡಿನ ಮೇಲೆ ನೀರು ಸುರಿಯುತ್ತಲೇ ಇತ್ತು, ಕಂಬದಿಂದ ಬರುವ ತಂತಿಯಲ್ಲಿ ಕರೆಂಟು ಇದ್ದೇ ಇತ್ತು. ಕಿಟಕಿಯಾಚೆ ನಿಚ್ಚಣಿಕೆ ಎಳೆದ ಸದ್ದು ಕೇಳಿತು. ಗುಡುಗುತ್ತಿತ್ತು.

"ಅಕ್ಕಾ, ಬ್ಯಾಡ್ರಿ!" ಎಂದು ಚೀರಿದೆ. ರೇಕಿನ ಮೇಲೆ ಏನೋ ಉಜ್ಜಿದ ಸದ್ದು. ಸ್ವಲ್ಪ ಹೊತ್ತಿಗೆ ಪೈಪಿನೊಳಗೆ ನೀರು ಗುಳುಗುಳು ಎಂದು ಇಳಿಯಿತು, ಗೋಡೆಯ ಮೇಲಿನ ಹರಿವು ನಿಂತಿತು.

ಆಕೆ ಇಳಿದು ಬಂದಾಗ ಸೆರಗಿನಲ್ಲಿ ಗೂಡಿತ್ತು, ಎರಡು ಮೊಟ್ಟೆಗಳಿದ್ದವು. ಮುರುಕು ಬುಟ್ಟಿಯಲ್ಲಿಟ್ಟು ಮುಂಭಾಗದ ತಾರಸಿಯ ಮೂಲೆಯಲ್ಲಿ ಇರಿಸಿದಳು. ಪಾರಿವಾಳ ಅತ್ತ ಸುಳಿಯಲಿಲ್ಲ. ಬೆಳಿಗ್ಗೆ, ಸಂಜೆ ಆಕೆ ಹೋಗಿ ನೋಡಿ ಬರುತ್ತಿದ್ದಳು. ಒಂದು ದಿನ ನೋಡಿ ಬರುವುದನ್ನು ಬಿಟ್ಟಳು. ಅಂದಿನಿಂದ ನನ್ನ ಹೊಟ್ಟೆಯನ್ನೂ ಮುಟ್ಟಲಿಲ್ಲ.

ಹೆರಿಗೆ ಸುಸೂತ್ರವಾಯಿತು, ಹೆಣ್ಣು ಮಗು. ಬಿಸಿನೀರು ಕಾಯಿಸಿದಳು, ಅರಿವೆ ಒಗೆದಳು, ನನಗೆ ಅಳವಿ ಬೀಜದ ಪಾಯಸ ಮಾಡಿಕೊಟ್ಟಳು. ಮಗುವನ್ನು ಮಾತ್ರ ಎತ್ತಿಕೊಳ್ಳಲಿಲ್ಲ. ಎರೆಯಲು ಬೇರೆ ಹೆಂಗಸನ್ನು ಕರೆಸಿದಳು. ನಾನು ಮಗುವನ್ನು ಮುಂದೆ ಚಾಚಿದರೆ, "ನನ್ನ ಕೈ ಬ್ಯಾಡವ್ವಾ," ಎಂದು ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಳ್ಳುವಳು. ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

ಮಗುವಿಗೆ ಒಂದು ತಿಂಗಳು ತುಂಬಿರಬಹುದು. ಮತ್ತೆ ಮೋಡವಾಯಿತು. ಆಕೆ ಸೆರಗು ಬಿಗಿಯುತ್ತಿದ್ದಳು. ನನಗೆ ಏನನ್ನಿಸಿತೋ, ಮಗುವನ್ನು ಎತ್ತಿಕೊಂಡೇ ಹೊರಗೆ ಹೋಗಿ ನಿಚ್ಚಣಿಕೆಯ ಮೇಲೆ ಒಂದು ಕಾಲಿಟ್ಟೆ.

"ಏನ್ ಹುಚ್ಚಿ ಅದೀಯೇನ? ಬಾಣಂತಿ ನಿಚ್ಚಣಿಕಿ ಹತ್ತತಾರ?"

"ಇವತ್ತು ಪರ್ನಾಲಾ ನಾನ ತೆಗೀತೀನ್ರಿ ಅಕ್ಕಾ. ಕೂಸಿನ್ನ ಹಿಡೀರಿ, ಇಲ್ಲಾಂದ್ರ ಎತ್ತಿಕೊಂಡ ಹತ್ತತೀನಿ."

ಇನ್ನೊಂದು ಮೆಟ್ಟಿಲು ಹತ್ತಿದೆ. ಆಕೆ "ಅಯ್ಯೋ ನಮ್ಮವ್ವಾ" ಎನ್ನುತ್ತ ಮಗುವನ್ನು ನನ್ನ ತೋಳಿನಿಂದ ಕಿತ್ತುಕೊಂಡಳು. ಒಂದು ಕೈಯಲ್ಲಿ ಅದನ್ನು ಎದೆಗೆ ಅವಚಿಕೊಂಡು ಇನ್ನೊಂದು ಕೈಯಲ್ಲಿ ನಿಚ್ಚಣಿಕೆಯನ್ನು ಗಟ್ಟಿಯಾಗಿ ಹಿಡಿದಳು. "ಇಳಿ, ನಿನ್ನ ಕಾಲು ಬೀಳತೀನಿ, ಇಳಿ," ಎಂದು ಅಳುತ್ತಿದ್ದಳು. ನಾನು ಇಳಿದೆ. ಮಗುವನ್ನು ಆಕೆ ತಿರುಗಿ ಕೊಡಲಿಲ್ಲ. ಮಳೆ ಬಂದು ಹೋಯಿತು. ಅಂದು ಪರ್ನಾಲಾ ತೆಗೆದವರು ನಮ್ಮ ಭಾವ.

ಮುಂದೆ ಆ ಮನೆಯನ್ನೂ ಬಿಲ್ಡರಿಗೆ ಕೊಟ್ಟು ನಾವೆಲ್ಲ ಕೂಕಟ್‌ಪಲ್ಲಿಯ ಫ್ಲಾಟಿಗೆ ಬಂದೆವು. ಅಲ್ಲಿ ಪರ್ನಾಲಾ ಇರಲಿಲ್ಲ. ಆಕೆಯ ಹೆದರಿಕೆಗೆ ಲಿಫ್ಟು ಸಿಕ್ಕಿತು, ಗ್ಯಾಸ್ ಪೈಪು ಸಿಕ್ಕಿತು, ಮಗಳ ಸ್ಕೂಟಿ ಸಿಕ್ಕಿತು. ಮಗಳು ಕಾಲೇಜಿನಿಂದ ಬರುವವರೆಗೆ ಬಾಲ್ಕನಿ ಬಿಟ್ಟು ಕದಲುತ್ತಿರಲಿಲ್ಲ.

ಕಡೆಯ ಸಲ ಆಸ್ಪತ್ರೆಯಲ್ಲಿದ್ದಾಗ ಆಕೆಗೆ ಉಸಿರಾಟವೇ ಕಷ್ಟವಾಗಿತ್ತು. ನಾನು ಪಕ್ಕದಲ್ಲಿ ಕುಳಿತು ಹೆದರಿಕೆಯಿಂದ ಗಳಿಗೆಗೊಮ್ಮೆ ನರ್ಸನ್ನು ಕರೆಯುತ್ತಿದ್ದೆ. ನನ್ನ ಕೈ ಹಿಡಿದು ನಿಧಾನವಾಗಿ ಅಂದಳು: "ನೀ ಅಂಜಬ್ಯಾಡ ತಂಗಿ. ನಿನ್ನ ಪಾಲಿಂದೂ ನಾನ ಅಂಜೀನಿ."

ನಿಜ. ಆ ಒಂದು ಮಧ್ಯಾಹ್ನ ಬಿಟ್ಟರೆ, ಆಕೆಯ ಜೊತೆ ಬದುಕಿದಷ್ಟು ವರ್ಷವೂ ಮಳೆ ಬಂದಾಗ ನಾನು ಹೊದ್ದುಕೊಂಡು ನಿಶ್ಚಿಂತೆಯಿಂದ ನಿದ್ದೆ ಮಾಡಿದ್ದೇನೆ. ಆ ಮಾತು ಹೇಳಿದ ಮರುದಿನ ಬೆಳಿಗ್ಗೆ, ನನ್ನ ಮಗಳು ಆಕೆಯ ಹಣೆಯ ಮೇಲಿನ ಕೂದಲು ಸರಿಸುತ್ತಿರುವಾಗ, ಆಕೆ ತೀರಿಕೊಂಡಳು.