ಮಲ್ಲಿಗೆಯ ಹುಳ ಓಡಿಸಿದ್ದು

ನಮ್ಮ ಅತ್ತೆಗೆ ಹುಳ ಕೊಲ್ಲುವುದೆಂದರೆ ಆಗದು. ಜೈನರ ಮನೆ, ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಮತ್ತೆ ಬಾವಿಗೇ ಬಿಡುತ್ತಿದ್ದರು. ನನ್ನ ತವರಿನಲ್ಲೂ ಹಾಗೆಯೇ. ಆದರೆ ನಮ್ಮವ್ವ ಪಾಪಕ್ಕೆ ಹೆದರಿ ಮಾಡುತ್ತಿದ್ದಳು, ಇವರು ನಾಲ್ಕು ಮಂದಿ ನೋಡಲೆಂದು ಮಾಡುತ್ತಿದ್ದರು. ಹೀಗೆಲ್ಲ ಹೇಳಬಾರದು. ಹೇಳಿಬಿಟ್ಟೆ.

ಸಾಂಗ್ಲಿಯ ಆ ಮನೆಯ ಹಿತ್ತಿಲಲ್ಲಿ, ಬಾವಿಯ ಪಕ್ಕ, ಒಂದು ಮಲ್ಲಿಗೆ ಬಳ್ಳಿಯಿತ್ತು. ನನ್ನ ತವರೂರು ಸಮಡೋಳಿಯಿಂದ ಅವ್ವ ತಾನೇ ಕಡ್ಡಿ ಕತ್ತರಿಸಿ, ಒದ್ದೆ ಅರಿವೆಯಲ್ಲಿ ಸುತ್ತಿ ಕೊಟ್ಟದ್ದು. ಮುಂದಿನ ವರ್ಷ ಅವ್ವ ಹೋದಳು. ತವರಿನ ಬಳ್ಳಿ ನೋಡುವವರಿಲ್ಲದೆ ಒಣಗಿತು. ಅವ್ವನದು ಅಂತ ನನಗೆ ಉಳಿದದ್ದು ಇದೊಂದೇ.

ಒಂದು ಬೇಸಿಗೆಯಲ್ಲಿ ಅದರ ಚಿಗುರಿಗೆಲ್ಲ ಬಿಳಿ ಹುಳ ಹತ್ತಿತು, ಹಿಟ್ಟು ಉದುರಿಸಿದ ಹಾಗೆ. ಮೊಗ್ಗು ಮುರುಟಿ ಬೀಳತೊಡಗಿದವು. ಮನೆಯವರು ಪೇಟೆಯಿಂದ ಔಷಧದ ಬಾಟಲಿ ತಂದರೆ ಅತ್ತೆ ಅದನ್ನು ಹೊಸ್ತಿಲು ದಾಟಗೊಡಲಿಲ್ಲ.

“ಓಡಸಬೇಕು, ಕೊಲ್ಲಬಾರದು,” ಎಂದರು.

ಸರಿ, ಓಡಿಸಲು ನಿಂತೆ. ಎಲೆಗೆ ನೀರು ಚಿಮುಕಿಸಿ ಒಲೆಯ ಬೂದಿ ಎರಚಿದೆ. ಹುಳಿ ಮಜ್ಜಿಗೆಗೆ ಇಂಗು ಕದಡಿ ಹೊಯ್ದೆ. ಬೇವಿನ ಬೀಜ ಕುಟ್ಟಿ, ಒಂದು ದಿನ ನೆನೆಸಿ, ನೀರು ಸೋಸುವ ಹಳೆಯ ಬಟ್ಟೆಯಲ್ಲೇ ಸೋಸಿ ಚಿಮುಕಿಸಿದೆ. ಹುಳಗಳೋ, ಹಬ್ಬಕ್ಕೆ ಬಂದ ಬೀಗರ ಹಾಗೆ ಕೂತಲ್ಲಿಂದ ಏಳಲಿಲ್ಲ. ಮೊಸರು ಮಾರಲು ಬರುತ್ತಿದ್ದ ಮುದುಕಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಅರೆದು ಹಾಕು ಎಂದಳು. ನಮ್ಮ ಮನೆಯೊಳಗೆ ಬೆಳ್ಳುಳ್ಳಿ ಬರುವುದೇ ಇಲ್ಲ. ಬಾವಿಯ ಹಿಂದೆ ಕಲ್ಲಿನ ಮೇಲೆ ಕದ್ದು ಅರೆದೆ. ಕೈಯ ವಾಸನೆ ಅತ್ತೆಯ ಮೂಗಿಗೆ ಬಡಿಯಿತು. ಮೂರು ದಿನ ಅಡುಗೆಮನೆಗೆ ಬಿಡಲಿಲ್ಲ. ನನಗೇನು, ಮೂರು ದಿನ ಆರಾಮಾಯಿತು.

ಕೊನೆಗೆ ಬಟ್ಟೆ ಸಾಬೂನು ಕೆರೆದು ಬೇವಿನ ನೀರಿಗೆ ಕಲಸಿದೆ. ನೀರು ಎಲೆಗೆ ಅಂಟಲೆಂದು, ಅಂತ ಅತ್ತೆಗೆ ಹೇಳಿದೆ. ಅದು ತಾಗಿದರೆ ಹುಳ ಸಾಯುತ್ತವೆಂದು ಮೊದಲ ದಿನವೇ ನನಗೆ ತಿಳಿಯಿತು. ಕುಂಚದಿಂದ ಒಂದೊಂದೇ ಗೆಣ್ಣಿಗೆ ಹಚ್ಚುತ್ತಿದ್ದೆ. ಸತ್ತವನ್ನು ಅತ್ತೆ ನೋಡುವ ಮೊದಲೇ ತೊಳೆದುಬಿಡುತ್ತಿದ್ದೆ.

“ಓಡಿದುವೇನ?” ಎಂದು ಕೇಳುತ್ತಿದ್ದರು.

“ಓಡಿದುವರಿ,” ಎನ್ನುತ್ತಿದ್ದೆ.

ಮಳೆಗಾಲದ ಹೊತ್ತಿಗೆ ಬಳ್ಳಿ ಬಾವಿಕಟ್ಟೆಯ ತುಂಬ ಹಬ್ಬಿತು. ಮೊದಲ ಬೊಗಸೆ ಹೂ ಅತ್ತೆಯೇ ಬಸದಿಗೆ ಒಯ್ದು, ಒಂದು ಹುಳವನ್ನೂ ಕೊಲ್ಲದೆ ಬೆಳೆಸಿದ ಹೂವೆಂದು ಎಲ್ಲರೆದುರು ಹೇಳಿಕೊಂಡರು.

ಕೆಲವು ವರ್ಷಗಳಲ್ಲಿ ಸಾಂಗ್ಲಿ-ಮಿರಜ ರಸ್ತೆಯುದ್ದಕ್ಕೂ ಅಪಾರ್ಟ್‌ಮೆಂಟುಗಳು ಎದ್ದವು. ನಮ್ಮ ಓಣಿಗೂ ಬಿಲ್ಡರ್ ಬಂದ. ಮನೆ, ಹಿತ್ತಿಲು ಅವನಿಗೆ. ಬದಲಿಗೆ ನಮಗೆ ಎರಡು ಫ್ಲ್ಯಾಟು. ಬಳ್ಳಿಯೊಂದನ್ನು ಬಿಟ್ಟು ಕಟ್ಟಲಾಗದೇ ಎಂದು ಕೇಳಿದೆ. ಅಲ್ಲಿ ಗಾಡಿಗಳು ನಿಲ್ಲುತ್ತವೆ ಎಂದರು ಮನೆಯವರು. ಮನೆ ಅತ್ತೆಯ ಹೆಸರಿನಲ್ಲಿತ್ತು. ಕನ್ನಡಕ ತರಿಸಿಕೊಂಡು ಸಹಿ ಹಾಕಿದರು. ಒಂದು ಕಡ್ಡಿ ಕತ್ತರಿಸಿ ಕುಂಡದಲ್ಲಿ ಇಟ್ಟುಕೋ ಎಂದು ನೆರೆಯವರು ಹೇಳಿದರು. ಸಿಟ್ಟಿಗೆ ಇಡಲಿಲ್ಲ. ಆ ಸಿಟ್ಟು ತಟ್ಟಿದ್ದು ನನಗೇ.

ಬಿಲ್ಡರ್ ಕಳಿಸಿದ, ಆರಗ ಊರಿನ ಕಡೆಯ ಆಳು ಬಳ್ಳಿಯ ಬುಡಕ್ಕೆ ಕೊಡಲಿ ಎತ್ತಿದಾಗ ಅತ್ತೆ ಪಡಸಾಲೆಯಿಂದ ಇಳಿದು ಲಗುಬಗೆಯಿಂದ ಬಂದರು. ತಡೆಯುತ್ತಾರೆ ಅಂದುಕೊಂಡೆ ನಾನು, ಹುಚ್ಚಿ.

“ಬುಡದಾಗ ಇರಿವಿ ಗೂಡ ಐತಿ. ಜ್ವಾಕಿಲೆ ಕಡಿ,” ಎಂದರು ಅವನಿಗೆ.

ನನ್ನ ಮೈಯೆಲ್ಲ ಉರಿಯಿತು.

“ಅತ್ತಿ, ಅವತ್ತಿನ ಹುಳ ಓಡಿ ಹೋಗಿದ್ದಿಲ್ಲರಿ. ಸಾಬೂನ ನೀರ ಹಚ್ಚಿ ನಾನೇ ಕೊಂದೇನಿ. ಒಂದಲ್ಲ, ಎರಡಲ್ಲ.”

ಅವರ ಮುಖ ಬಿಳಿಚಿಕೊಂಡಿತು. ಒಳಗೆ ಹೋದರು. ಹಿಂದೆ ಕೊಡಲಿ ಬಿದ್ದ ಸಪ್ಪಳ ಕೇಳಿದರೂ ತಿರುಗಿ ನೋಡಲಿಲ್ಲ.

ಮರುದಿನದಿಂದ ಮೂರು ದಿನ ಉಪವಾಸ ಕೂತರು, ನಾನು ಕೊಂದ ಹುಳಗಳಿಗಾಗಿ. ಬಸದಿಯ ಹೆಂಗಸರು ಬಂದು ಅವರ ಕಾಲು ಮುಟ್ಟಿ ಹೋದರು. ಬಳ್ಳಿಗಾಗಿ ಆ ಮನೆಯಲ್ಲಿ ಯಾರೂ ಒಂದು ಹೊತ್ತಿನ ಊಟ ಬಿಡಲಿಲ್ಲ. ನಾನೂ ಉಂಡೆ.