ಅಜ್ಜಿ ತಿಕ್ಕಿದ ಫೋಟೊ

ಬೆಳಿಗ್ಗೆ ಮೊಮ್ಮಗಳ ಜಡೆಗೆ ಎಣ್ಣೆ ಹಚ್ಚುವಾಗ ಆ ಗಾಜಿನ ಫೋಟೊ ನೆನಪಾಯಿತು.

ಲಿಂಗಸುಗೂರಿನಲ್ಲಿ ದಂಡು ಇದ್ದ ಕಾಲಕ್ಕೆ ವ್ಯಾಪಾರಕ್ಕೆ ಬಂದು ನೆಲೆಸಿದ ನಮ್ಮ ಹಿರಿಯರದು ಅದು. ಮಖಮಲ್ ಹಾಸಿದ ಪುಟ್ಟ ಡಬ್ಬಿಯೊಳಗೆ ಗಂಡ, ಹೆಂಡತಿ, ಕೂಸು. ನಾನು ಚಿಕ್ಕವಳಿದ್ದಾಗ ಒಂದು ದಸರೆಗೆ ನನ್ನ ಅಜ್ಜಿ ಗಾಜಿನ ಹಿಂದಿನ ಕಪ್ಪು ಬಣ್ಣವನ್ನು ಒಲೆಯ ಮಸಿ ಎಂದುಕೊಂಡು ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಮೂವರೂ ಮಾಯ.

"ಯಪ್ಪಾ, ಹಿರಿಯರನ್ನ ತೊಳದುಬಿಟ್ನಲ್ಲೋ!"

ಅಪ್ಪ ಗಾಜನ್ನು ನನ್ನ ಜಡೆಯ ಮೇಲಿಟ್ಟ. "ಇಲ್ಲೇ ಅದಾರ ನೋಡಬೇ. ಹಿಂದ ಕಪ್ಪಿರಬೇಕು, ಅಷ್ಟ."

ಹಿರಿಯರ ಹಿಂದೆ ಕರಿ ಬಟ್ಟೆ ಇಡಲು ಅಜ್ಜಿ ಒಪ್ಪಲಿಲ್ಲ. ಹಾಗಾಗಿ ಹಬ್ಬಕ್ಕೆಲ್ಲ ನಾನು ಗೋಡೆಗೆ ಮುಖಮಾಡಿ ಕೂರುತ್ತಿದ್ದೆ. ಮನೆಮಂದಿ ನನ್ನ ಜಡೆಗೆ ಕೈಮುಗಿಯುತ್ತಿದ್ದರು.

ಇವತ್ತು ಗಾಜನ್ನು ಮೊಮ್ಮಗಳ ಜಡೆಯ ಮೇಲಿಟ್ಟು ಮೂವರನ್ನೂ ನೋಡಿದೆ. "ನನಗೂ ತೋರ್ಸಬೇ ಅಜ್ಜಿ," ಎಂದಳು. ಗಾಜು ಅವಳ ಕೈಗೆ ಕೊಟ್ಟು ಬೆನ್ನು ತಿರುಗಿಸಿ ಕುಳಿತೆ. ನನ್ನ ನರೆತ ಜಡೆಯ ಮೇಲೆ ಅದನ್ನಿಟ್ಟು ನೋಡಿ ಹೇಳಿದಳು:

"ಇಲ್ಲಿ ಯಾರೂ ಇಲ್ಲ."