ಒಂಟಿ ಗುಂಡಿಯ ಹರಾಜು

ಭಾನುವಾರ ಗುಂಡಿಯಕ್ಕನ ಅಂಗಡಿಯ ಬಾಗಿಲು ಅರ್ಧಕ್ಕೆ ಎಳೆದಿರುತ್ತಿತ್ತು. ವ್ಯಾಪಾರಕ್ಕೆ ರಜೆ, ನಗುವಿಗಲ್ಲ. ಒಳಗೆ ನಾಲ್ಕು ಜನ ಸೇರಿ ಹೊಟ್ಟೆ ಹಿಡಿದುಕೊಂಡು ನಗುವ ಸದ್ದು ಬೀದಿಯ ತಿರುವಿನವರೆಗೂ ಕೇಳುತ್ತಿತ್ತು. ಪಕ್ಕದ ಚಪ್ಪಲಿ ಅಂಗಡಿಯವನು ತನ್ನ ಹೊಸ ಗಿರಾಕಿಗಳಿಗೆ, "ಗಾಬರಿಯಾಗ್ಬೇಡಿ, ಹಳೇ ನಾಣ್ಯ ಕೂಡಿಡೋರ ಮೀಟಿಂಗು" ಎಂದು ಸಮಾಧಾನ ಹೇಳುತ್ತಿದ್ದ. ಹಳೇ ನಾಣ್ಯದಲ್ಲಿ ಇಷ್ಟೊಂದು ನಗುವಂಥದ್ದು ಏನಿದೆಯೋ ಅವನಿಗೆ ಇವತ್ತಿಗೂ ತಿಳಿದಿಲ್ಲ, ಪಾಪ.

ಅಂಗಡಿ ಅವಳ ಅಮ್ಮನ ಕಾಲದ್ದು. ರೈಲು ಬೋಗಿಯ ಹಾಗೆ ಉದ್ದ, ಅಷ್ಟೇ ಇಕ್ಕಟ್ಟು. ಎರಡೂ ಕಡೆ ನೆಲದಿಂದ ಸೂರಿನ ತನಕ ರಟ್ಟಿನ ಸಣ್ಣ ಡಬ್ಬಿಗಳು. ಪ್ರತಿ ಡಬ್ಬಿಯ ಮುಖಕ್ಕೂ ಒಳಗಿರುವ ಗುಂಡಿಯದೇ ಒಂದನ್ನು ದಾರದಿಂದ ಹೊಲಿದಿದೆ. ಚಿಪ್ಪಿನವು, ಮರದವು, ಹಿತ್ತಾಳೆಯವು, ಮಕ್ಕಳ ಸ್ವೆಟರಿಗೆ ಹಾಕುವ ಬಾತುಕೋಳಿ ಆಕಾರದವು. ಅಮ್ಮನಿಗೆ ಎರಡು ಹಟಗಳಿದ್ದವು. ಪ್ಲಾಸ್ಟಿಕ್ಕನ್ನು ಪ್ಲಾಸ್ಟಿಕ್ ಎಂದೇ ಮಾರಬೇಕು, ಚಿಪ್ಪನ್ನು ಚಿಪ್ಪು ಎಂದೇ. ಗಿರಾಕಿ ತಾನಾಗಿ ತಪ್ಪು ತಿಳಿದುಕೊಂಡರೂ ತಿದ್ದಿಯೇ ಕಳಿಸಬೇಕು. ಇದು ಒಂದು ಹಟ. ಇನ್ನೊಂದು, ಯಾವುದೇ ಗುಂಡಿಯ ದಾಸ್ತಾನು ಮುಗಿಯುತ್ತ ಬಂದಾಗ ಕೊನೆಯದೊಂದನ್ನು ಮಾರದೆ ಬಿಸ್ಕತ್ತಿನ ಹಳೇ ಡಬ್ಬಕ್ಕೆ ಹಾಕಿಡುವುದು. "ಯಾರಾದ್ರೂ ಒಬ್ರು ಹುಡುಕ್ಕೊಂಡು ಬಂದೇ ಬರ್ತಾರೆ ಕಣೆ" ಎನ್ನುತ್ತಿದ್ದಳು. ಅಮ್ಮ ಇರುವವರೆಗೆ ಯಾರೂ ಬರಲಿಲ್ಲ. ಡಬ್ಬ ಮಾತ್ರ ತುಂಬುತ್ತ ಹೋಯಿತು. ಒಂಟಿ ಗುಂಡಿಗಳ ಆ ಡಬ್ಬ ಕಂಡರೆ ಮಗಳಿಗೆ ತಮಾಷೆ.

ಗುಂಡಿಯಕ್ಕನಿಗೆ ನಾಣ್ಯದ ಹುಚ್ಚು ಹಿಡಿದದ್ದೂ ಈ ಅಂಗಡಿಯಲ್ಲಿಯೇ. ಯಾರೋ ಒಬ್ಬರು ಗಲ್ಲಾಪೆಟ್ಟಿಗೆಗೆ ನಡುವೆ ತೂತಿದ್ದ ಯಾವುದೋ ದೇಶದ ನಾಣ್ಯ ದಾಟಿಸಿ ಹೋಗಿದ್ದರು. ಅಮ್ಮ ಟೋಪಿ ಬಿತ್ತೆಂದು ಇಡೀ ದಿನ ಗೊಣಗಿದಳು. ಪುಟ್ಟ ಮಗಳು ಅದನ್ನು ಗುಂಡಿ ಎಂದೇ ತಿಳಿದು ತನ್ನ ಫ್ರಾಕಿಗೆ ಹೊಲಿದುಕೊಂಡು ಬೀದಿಯೆಲ್ಲ ಮೆರೆದಳು. ಅಂದಿನಿಂದ ಸಣ್ಣ, ದುಂಡನೆಯ, ಲೋಹದ ಯಾವ ವಸ್ತು ಕಂಡರೂ ಅವಳ ಕೈ ಸುಮ್ಮನಿರುವುದಿಲ್ಲ. ಈಗ ಅವಳ ಸಂಗ್ರಹ ನೋಡಲು ಪಕ್ಕದ ಊರಿನವರೂ ಬರುತ್ತಾರೆ. ಗಂಡ ಲಾರಿ ಮೆಕ್ಯಾನಿಕ್. ಅವನ ಪ್ರಕಾರ ನಾಣ್ಯ ಎಂದರೆ ಚಹಾದವನಿಗೆ ಕೊಡುವಂಥದ್ದು. ಹಾಗಾಗಿ ಭಾನುವಾರ ಅವನು ಮನೆಯಲ್ಲಿ ನಿದ್ದೆ ಹೊಡೆಯುತ್ತಾನೆ, ಇವಳು ಅಂಗಡಿಗೆ ಬರುತ್ತಾಳೆ.

ಅಲ್ಲಿಗೆ ಬರುವವರು ಮೂವರು. ಒಬ್ಬರು ಹಲ್ಲಿನ ಡಾಕ್ಟರು. ವಾರವಿಡೀ ಬೇರೆಯವರ ಬಾಯಿ ತೆರೆಸಿ, ಭಾನುವಾರ ತಮ್ಮ ಬಾಯಿ ತೆರೆಯುವವರು. ಇನ್ನೊಬ್ಬರು ರಿಟೈರಾದ ಡ್ರಾಯಿಂಗ್ ಮೇಷ್ಟ್ರು. ಮೂರನೆಯವಳು ಗುಂಡಿಯಕ್ಕನ ನಾದಿನಿ, ಬಸ್ ಕಂಡಕ್ಟರು. ಚೀಲಕ್ಕೆ ಬಿದ್ದ ಚಿಲ್ಲರೆಯಲ್ಲೇ ಅರ್ಧ ಸಂಗ್ರಹ ಮಾಡಿದವಳು, ಫೋನಿನ ವಿದ್ಯೆಯಲ್ಲೂ ಅವಳೇ ಮುಂದು. ಇವರ ಮುಖ್ಯ ಕೆಲಸ ನಾಣ್ಯ ನೋಡುವುದಲ್ಲ, ಆನ್‌ಲೈನ್ ಹರಾಜಿನಲ್ಲಿ ಜನ ಬಿಡುವ ರೈಲುಗಳನ್ನು ಗಟ್ಟಿಯಾಗಿ ಓದಿ ನಗುವುದು. ಓದುವವಳು ಯಾವಾಗಲೂ ಗುಂಡಿಯಕ್ಕ. ಕನ್ನಡಕ ಮೂಗಿನ ತುದಿಗೆ ಜಾರಿಸಿ, ಸ್ಟೂಲಿನ ಮೇಲೆ ನಿಂತು, ಹರಾಜು ಕೂಗುವವರ ಗತ್ತಿನಲ್ಲಿ ಶುರು ಮಾಡಿದಳೆಂದರೆ ಡಾಕ್ಟರಿಗೆ ಕಣ್ಣಲ್ಲಿ ನೀರು.

"ಕೇಳಿ ಕೇಳಿ! 'ಎರಡು ಸಾವಿರ ವರ್ಷ ಹಳೆಯದು, ಹೊಸದರಂತಿದೆ.' ಅಯ್ಯೋ, ನಿನ್ನೆ ತಾನೇ ಹುಟ್ಟಿದ್ದು ಕಣ್ರೀ, ಇನ್ನೂ ಬಿಸಿ ಆರಿಲ್ಲ!"

"ಆ ಫೋಟೋದಲ್ಲಿ ನಾಣ್ಯಕ್ಕಿಂತ ಉಗುರೇ ಹಳೇದಾಗಿದೆ" ಎನ್ನುವರು ಮೇಷ್ಟ್ರು.

"ಮತ್ತೆ ಬಂದ ನೋಡಿ ಅತ್ತಿಗೆ, 'ಅಟ್ಟ ಗುಡಿಸುವಾಗ ಸಿಕ್ಕಿತು' ಅನ್ನೋನು. ಹೋದ ವಾರನೂ ಗುಡಿಸ್ತಿದ್ದ. ಅದೆಷ್ಟು ದೊಡ್ಡ ಅಟ್ಟಾನಪ್ಪಾ ಇವಂದು!"

ರೈಲು ಗಾಲಿಯಡಿ ಸಿಕ್ಕಿ ಚಪ್ಪಟೆಯಾದದ್ದನ್ನು 'ಟಂಕಸಾಲೆಯ ವಿಚಿತ್ರ ಪ್ರಮಾದ' ಎಂದು ಮಾರುವವರು, ಎರಡು ನಾಣ್ಯ ಸೀಳಿ ಅಂಟಿಸಿ 'ಎರಡು ತಲೆಯ ಅದ್ಭುತ' ಎನ್ನುವವರು, ಎಲ್ಲರಿಗೂ ಅಲ್ಲಿ ಮಂಗಳಾರತಿ. ಆದರೆ ಗುಂಡಿಯಕ್ಕನಿಗೆ ನಿಜವಾಗಿ ಮೈ ಉರಿಯುವುದು ಉಜ್ಜಿದ ನಾಣ್ಯ ಕಂಡರೆ. ಹಳೆಯ ಲೋಹದ ಕಪ್ಪೇ ಅದರ ಆಯಸ್ಸು, ಅದನ್ನು ಉಜ್ಜಿ ಪಳಪಳ ಮಾಡುವವರ ಕೈಗೆ ಬಾಸುಂಡೆ ಬರಬೇಕು ಎನ್ನುತ್ತಾಳೆ. ಉಜ್ಜುವ ಪುಡಿಯನ್ನು ಅವಳು ಅಂಗಡಿಯೊಳಕ್ಕೇ ಬಿಟ್ಟುಕೊಂಡವಳಲ್ಲ.

ಈ ಕೂಟಕ್ಕೆ ಒಂದು ಲೋಟವೂ ಇತ್ತು. ತಳದಲ್ಲಿ ಸೂಜಿಮೊನೆಯಷ್ಟು ತೂತಿದ್ದ ಸ್ಟೀಲಿನ ಲೋಟ. ಇಂಥ ಜಾಹೀರಾತು ನಂಬಿ ಯಾರಾದರೂ ಮೋಸಹೋದರೆ ಆ ವಾರ ಅವರಿಗೆ ಚಹಾ ಅದರಲ್ಲೇ. ತೂತಿಗೆ ಬೆರಳು ಒತ್ತಿಕೊಂಡು ಸುಡುಸುಡು ಕುಡಿದು ಮುಗಿಸಬೇಕು, ಇಲ್ಲವಾದರೆ ಬಟ್ಟೆಗೆ ಕಲೆ. ಡಾಕ್ಟರು ಹಲವು ಸಲ ಕುಡಿದಿದ್ದಾರೆ. ಗುಂಡಿಯಕ್ಕ ಒಮ್ಮೆಯೂ ಕುಡಿದಿರಲಿಲ್ಲ, ಆ ಜಂಬ ಅವಳಿಗೆ ಚೆನ್ನಾಗಿಯೇ ಇತ್ತು.

ಹೀಗೆ ಒಂದು ಭಾನುವಾರ ಓದಲು ಒಳ್ಳೆಯ ಸುಳ್ಳು ಒಂದೂ ಸಿಗಲಿಲ್ಲ. "ಇವರ ಕೈಲಾಗಲ್ಲ, ನಾವೇ ಒಂದು ಬರೆಯೋಣ" ಎಂದರು ಡಾಕ್ಟರು. ಗುಂಡಿಯಕ್ಕ ಅಮ್ಮನ ಡಬ್ಬಕ್ಕೆ ಕೈಹಾಕಿ ಒಂದು ಹಿತ್ತಾಳೆ ಗುಂಡಿ ತೆಗೆದಳು. ಕಪ್ಪು ಹಿಡಿದಿತ್ತು. ಮೇಲೆ ರೆಕ್ಕೆ ಬಿಚ್ಚಿದ ಹಕ್ಕಿ, ಕೊಕ್ಕಿನಲ್ಲಿ ಒಂದು ಕಹಳೆ. ಹಿಂದೆ ದಾರ ಪೋಣಿಸುವ ಕೊಂಡಿ ಇದ್ದದ್ದರಿಂದ ಮುಂಭಾಗದ್ದು ಮಾತ್ರ ಫೋಟೋ ತೆಗೆದರು. ಗುಂಡಿಯಕ್ಕ ಹೇಳಿದಳು, ನಾದಿನಿ ಒತ್ತಿದಳು:

"ಅಪರೂಪ! ಅತಿ ಅಪರೂಪ!! ಜಗತ್ತಿಗೆಲ್ಲ ಇದೊಂದೇ!!! ರಾಜನೊಬ್ಬ ಮುದ್ದಿನ ರಾಣಿಗೆಂದು ಒಂದೇ ಒಂದು ಟಂಕಿಸಿ, ಟಂಕಸಾಲೆಯ ಬೀಗದ ಕೈಯನ್ನು ಹೊಳೆಗೆ ಎಸೆದ ನಾಣ್ಯ. ಯುದ್ಧದಲ್ಲಿ ನನ್ನ ಮುತ್ತಜ್ಜಿಯ ಎದೆಗೆ ಬಂದ ಬಾಣವನ್ನು ತಡೆದದ್ದು ಇದೇ. ಅಟ್ಟ ಗುಡಿಸುವಾಗ ಸಿಕ್ಕಿತು. ನನಗೆ ನಾಣ್ಯದ ಗಂಧಗಾಳಿ ಗೊತ್ತಿಲ್ಲ. ತೂಕ: ಭಾರ. ವಯಸ್ಸು: ಬಹಳ. ಹಿಂಭಾಗ ತೋರಿಸುವುದು ನಮ್ಮ ಮನೆತನದಲ್ಲಿ ನಿಷಿದ್ಧ. ಕೊಂಡ ಮೇಲೆ ಅಳುವಂತಿಲ್ಲ."

ನಕ್ಕು ನಕ್ಕು ಮೇಷ್ಟ್ರಿಗೆ ಬಿಕ್ಕಳಿಕೆ ಬಂತು. "ಹಾಕೇ ಬಿಡಿ, ತಲೆಯಲ್ಲಿ ಮೆದುಳಿರೋ ಯಾರಿಗಾದ್ರೂ ತಮಾಷೆ ಅಂತ ಗೊತ್ತಾಗತ್ತೆ" ಎಂದರು. ಹಾಕಿದರು.

ಎರಡು ದಿನ ಕಳೆಯುವಷ್ಟರಲ್ಲಿ ಯಾರೋ ಬೆಲೆ ಕೂಗಿದ್ದರು. ನಿಜ ಹೇಳಬೇಕೆಂದರೆ ಗುಂಡಿಯಕ್ಕನಿಗೆ ಮೊದಲು ಬಂದದ್ದು ಹೆಮ್ಮೆ, ನಾಚಿಕೆ ಆಮೇಲೆ. ಇನ್ನೊಬ್ಬರು ಅದರ ಮೇಲೆ ಕೂಗಿದರು. ಮೊದಲಿನವರು ಮತ್ತೆ ಏರಿಸಿದರು. ವಾರದ ಮಧ್ಯದ ಹೊತ್ತಿಗೆ ಒಂದು ಜೊತೆ ಒಳ್ಳೆಯ ಬೂಟಿನ ಬೆಲೆಗೆ ಬಂದು ನಿಂತಿತು. ಆಗ ಅವಳು ಹರಾಜು ನಿಲ್ಲಿಸೆಂದು ನಾದಿನಿಗೆ ಫೋನು ಮಾಡಿದಳು. ಒಬ್ಬರು ಕೂಗಿದ ಮೇಲೆ ಮಾರುವವರು ಹಿಂದೆ ಸರಿಯುವಂತಿಲ್ಲ, ಬರೆದದ್ದನ್ನು ತಿದ್ದುವಂತೆಯೂ ಇಲ್ಲ ಎಂಬುದು ಆ ಹರಾಜಿನ ಕಟ್ಟಳೆ. ನಾದಿನಿ ಎಷ್ಟು ಹುಡುಕಿದರೂ ದಾರಿ ಸಿಗಲಿಲ್ಲ.

"ಎರಡನೇದು ನಾನೇ" ಎಂದು ಡಾಕ್ಟರು ಫೋನಿನಲ್ಲಿ ಒಪ್ಪಿಕೊಂಡರು. "ಮಜಾ ಬರ್ಲಿ ಅಂತ ಕೂಗಿದೆ. ಆ ಪುಣ್ಯಾತ್ಮ ಬಿಡ್ತಾನೇ ಇಲ್ವಲ್ರೀ!"

"ನಿಮ್ಮ ಮಜಾಕ್ಕಿಷ್ಟು ಬೆಂಕಿ ಹಾಕ!"

"ದುಡ್ಡು ತಗೊಳ್ದೆ ಇದ್ರಾಯ್ತು ಬಿಡಿ ಅಕ್ಕಾ."

"ದುಡ್ಡಿನ ಮಾತಲ್ಲ ಡಾಕ್ಟ್ರೇ. ಈ ಅಂಗಡೀಲಿ ಗುಂಡೀನ ಬೇರೆ ಏನೋ ಅಂತ ಹೇಳಿ ಮಾರಿದ್ದು ಇದೇ ಮೊದ್ಲು. ಅದೂ ಅಮ್ಮನ ಡಬ್ಬದ್ದು. ಯಾರೋ ನಂಬ್ಕೊಂಡು ಕೂತಿದಾರೆ ಅಲ್ಲಿ."

ಹರಾಜು ಮುಗಿಯಿತು. ಗೆದ್ದವರಿಂದ ಸಂದೇಶ ಬಂತು: "ನಾನೂ ಇದೇ ಊರಿನವನು. ಅಂಚೆ ಬೇಡ, ಭಾನುವಾರ ನಾನೇ ಬರುತ್ತೇನೆ. ನಿಮ್ಮ ಹತ್ತಿರ ಒಂದು ಕಷ್ಟದ ಮಾತು ಆಡುವುದಿದೆ." ಆ 'ಕಷ್ಟದ ಮಾತು' ಎಂಬುದು ಗುಂಡಿಯಕ್ಕನ ತಲೆಯೊಳಗೆ ಹೊಕ್ಕು ಕೂತಿತು. ಗಿರಾಕಿಗಳು ಕಪ್ಪು ದಾರ ಕೇಳಿದರೆ ನೀಲಿ ಕೊಟ್ಟಳು. ಮನೆಯಲ್ಲಿ ಅನ್ನ ಸೀದಿತು. ಗಂಡ "ಏನಾಯ್ತೇ?" ಎಂದರೆ, "ಮುತ್ತಜ್ಜಿಗೆ ಬಾಣ ಬಿತ್ತು" ಎಂದು ರೇಗಿದಳು. ಅವನು ಸುಮ್ಮನೆ ಮೊಸರು ಹಾಕಿಕೊಂಡ.

ಭಾನುವಾರ ಅರ್ಧ ಎಳೆದ ಬಾಗಿಲಡಿ ತಲೆ ಬಗ್ಗಿಸಿಕೊಂಡು ಒಬ್ಬ ತಾತ ಒಳಗೆ ಬಂದ. ಒಂದು ಕೈಯಲ್ಲಿ ಬಟ್ಟೆ ಸುತ್ತಿದ ಪೊಟ್ಟಣ, ಇನ್ನೊಂದರಲ್ಲಿ ಕಪ್ಪು ಪೆಟ್ಟಿಗೆ. ಒಳಗೆ ನಾಲ್ವರು ಸಾಲಾಗಿ ಕೈಕಟ್ಟಿ ನಿಂತದ್ದನ್ನು ನೋಡಿ ಅವನೇ ಗಾಬರಿಯಾದ.

"ತಾತಾ, ಮೊದ್ಲು ನಾನು ಹೇಳ್ಬಿಡ್ತೀನಿ..." ಎಂದಳು ಗುಂಡಿಯಕ್ಕ.

"ಇಲ್ಲ ತಾಯಿ, ನಾನೇ ಮೊದ್ಲು. ಇಲ್ದಿದ್ರೆ ಧೈರ್ಯ ಹೋಗ್ಬಿಡತ್ತೆ." ತಾತ ಸ್ಟೂಲಿನ ಮೇಲೆ ಕೂತ. ದನಿ ತಗ್ಗಿಸಿ, ಸಾವಿನ ಸುದ್ದಿ ಹೇಳುವವನ ಹಾಗೆ ಹೇಳಿದ: "ಮನಸ್ಸು ಗಟ್ಟಿ ಮಾಡ್ಕೋ. ನಿಮ್ಮ ಮುತ್ತಜ್ಜಿಗೆ ಯಾರೋ ಮೋಸ ಮಾಡಿದಾರಮ್ಮ. ಅದು ನಾಣ್ಯ ಅಲ್ಲ. ಗುಂಡಿ."

ಮೇಷ್ಟ್ರು ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡರು.

"ಬಾಣ ತಡೆದಿರ್ಬಹುದು, ಇಲ್ಲ ಅನ್ನಲ್ಲ" ಎಂದು ತಾತ ಅವಸರವಾಗಿ ಸೇರಿಸಿದ. "ಗುಂಡೀನೂ ಗಟ್ಟಿಯಾಗೇ ಇರತ್ತೆ. ಆದ್ರೆ ಅಷ್ಟು ಅಭಿಮಾನದಿಂದ ಬರ್ದಿದೀಯ, ಬೇರೆಯವರು ನೋಡಿ ನಕ್ಕುಬಿಟ್ರೆ ಅಂತ ಸಂಕಟ ಆಯ್ತು. ಕೂಗಿದ ದುಡ್ಡು ಪೂರ್ತಿ ಕೊಡ್ತೀನಿ, ಅದಕ್ಕೇನೂ ಯೋಚ್ನೆ ಮಾಡ್ಬೇಡ."

ಮೊದಲು ಸಿಡಿದದ್ದು ಮೇಷ್ಟ್ರು. ಆಮೇಲೆ ಡಾಕ್ಟರು, ನಾದಿನಿ. ಗುಂಡಿಯಕ್ಕ ನಗುತ್ತ ಅಳುತ್ತ ಮೇಜು ಹಿಡಿದುಕೊಂಡಳು. ವಿಷಯ ಪೂರ್ತಿ ಹೇಳಿ ಮುಗಿಸಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ತಾತನಿಗೆ ಅರ್ಥವಾದ ಮೇಲೆ ಅವನ ನಗು ನಿಲ್ಲಿಸಲು ನೀರು ಕುಡಿಸಬೇಕಾಯಿತು.

ತಾತ ಪೊಟ್ಟಣ ಬಿಚ್ಚಿದ. ಕೆಂಪು ಕೋಟು. ಹಿಂದೆ ಊರಿನ ಉದ್ಯಾನದಲ್ಲಿ ನುಡಿಸುತ್ತಿದ್ದ ಬ್ಯಾಂಡಿನದು, ಅವನು ಅದರಲ್ಲಿ ಟ್ರಂಪೆಟ್ ಊದುತ್ತಿದ್ದ. ಬ್ಯಾಂಡು ನಿಂತು ಎಷ್ಟೋ ಕಾಲವಾಗಿ, ಈಗ ಉಳಿದ ಕೆಲವರು ಅದೇ ಉದ್ಯಾನದಲ್ಲಿ ಅಂದು ಸಂಜೆ ಮತ್ತೆ ನುಡಿಸುವವರಿದ್ದರು. ಕೋಟಿನ ಎದೆಯ ಮೇಲೆ ಕಹಳೆ ಹಿಡಿದ ಹಕ್ಕಿಗಳ ಸಾಲು, ಎಲ್ಲ ಉಜ್ಜಿ ಪಳಪಳ. ನಡುವೆ ಒಂದು ಜಾಗ ಖಾಲಿ; ಅಲ್ಲಿ ಪಿನ್ನು ಚುಚ್ಚಿತ್ತು.

"ಈ ಒಂದು ಗುಂಡಿಗೆ ಸುತ್ತದ ಅಂಗಡಿಯಿಲ್ಲ. ಇಲ್ಲಿಗೂ ಬಂದಿದ್ದೆ. ಅವತ್ತು ಭಾನುವಾರ. ಬಗ್ಗಿ ಕೇಳ್ದೆ. ಒಳಗೆಲ್ಲ ನಗ್ತಾ ಇದ್ರಿ. 'ಇಲ್ಲ ತಾತಾ' ಅಂತ ಯಾರೋ ಅಂದ್ರು, ಹೊರಟುಹೋದೆ."

ಅಂದವಳು ಯಾರೆಂದು ಗುಂಡಿಯಕ್ಕನಿಗೆ ಗೊತ್ತಿತ್ತು. ಕೂತಲ್ಲಿಂದ ಏಳದೆ, ಕಣ್ಣು ಫೋನಿನಿಂದ ಎತ್ತದೆ ಅಂದಿದ್ದಳು. ಅಮ್ಮ ವರ್ಷಗಟ್ಟಲೆ ಕಾದು ಕೂತ ಆ ಒಬ್ಬರು ಬಾಗಿಲಿಗೇ ಬಂದಿದ್ದರು. ಗುಂಡಿ ಅವಳ ಬೆನ್ನ ಹಿಂದಿನ ಡಬ್ಬದಲ್ಲೇ ಇತ್ತು.

"ನಾನೇ ತಾತಾ ಅಂದಿದ್ದು."

"ಇರ್ಲಿ ಬಿಡಮ್ಮ. ಅವತ್ತು ಕೊಟ್ಟಿದ್ರೆ ನಿಮ್ಮ ಮುತ್ತಜ್ಜಿ ಕತೆ ನನಗೆಲ್ಲಿ ಗೊತ್ತಾಗ್ತಿತ್ತು?"

ದುಡ್ಡಿನ ಮಾತು ಬಂದಾಗ ಅವಳು ಕಿವಿ ಮುಚ್ಚಿಕೊಂಡಳು. ದಾರಕ್ಕೆ ಮೇಣ ಸವರಿ, ಪಿನ್ನು ಕಿತ್ತು, ಗುಂಡಿ ಹೊಲಿದಳು. ಅಮ್ಮ ಕಲಿಸಿದ ಹಾಗೆ ಬುಡಕ್ಕೆ ದಾರ ಸುತ್ತಿ ಗಂಟು ಹಾಕಿದಳು. ಕೋಟನ್ನು ಎತ್ತಿ ಹಿಡಿದು ನೋಡಿದರೆ, ಹೊಳೆಯುವ ಹಕ್ಕಿಗಳ ನಡುವೆ ಒಂದೇ ಒಂದು ಕರಿ ಹಕ್ಕಿ. ತಾತನ ಜೇಬಿನಿಂದ ಹಿತ್ತಾಳೆ ಉಜ್ಜುವ ಪುಡಿಯ ಒಂದು ಡಬ್ಬಿ, ಒಂದು ಚಿಂದಿ ಬಟ್ಟೆ ಹೊರಗೆ ಬಂದವು.

ಡಾಕ್ಟರು ಕಣ್ಣು ಮುಚ್ಚಿಕೊಂಡರು. ಮೇಷ್ಟ್ರು "ಅಕ್ಕಾ, ನೀವು ಆ ಕಡೆ ತಿರುಗಿ" ಎಂದರು. ಗುಂಡಿಯಕ್ಕ ತಿರುಗಲಿಲ್ಲ.

"ಕೊಡಿ ತಾತಾ ಇಲ್ಲಿ."

ಜೀವಮಾನದಲ್ಲಿ ಒಂದು ಲೋಹವನ್ನೂ ಉಜ್ಜದ ಕೈ ಆ ಗುಂಡಿಯನ್ನು ಉಜ್ಜಿತು. ಕಪ್ಪು ಬಟ್ಟೆಗೆ ಹತ್ತಿತು, ರೆಕ್ಕೆ ಬೆಳಗಿತು, ಕಹಳೆ ಮಿನುಗಿತು. ಉಳಿದ ಹಕ್ಕಿಗಳಿಗೂ ಇದಕ್ಕೂ ವ್ಯತ್ಯಾಸ ತಿಳಿಯದಷ್ಟು ಹೊಳೆಯುವವರೆಗೂ ಅವಳು ಬಿಡಲಿಲ್ಲ. ಅಷ್ಟು ಸಂತೋಷ ಅವಳಿಗೆ ಯಾವ ಅಪರೂಪದ ನಾಣ್ಯ ಸಿಕ್ಕಾಗಲೂ ಆಗಿರಲಿಲ್ಲ.

ತಾತ ಕೋಟು ತೊಟ್ಟ. ಪೆಟ್ಟಿಗೆ ತೆಗೆದು, ಎದೆ ತುಂಬ ಉಸಿರೆಳೆದು, ಆ ಇಕ್ಕಟ್ಟಿನಲ್ಲೇ ಒಂದು ಸಲ ಊದಿದ. ಗುಂಡಿ ಜಗ್ಗಲಿಲ್ಲ. ಗೋಡೆ ತುಂಬ ಇದ್ದ ಡಬ್ಬಿಗಳೊಳಗಿನ ಗುಂಡಿಗಳೆಲ್ಲ ಗಲಗಲ ಎಂದವು. ಚಪ್ಪಲಿ ಅಂಗಡಿಯವನು ಒಂದು ಕೈಯಲ್ಲಿ ಗಿರಾಕಿಯ ಬೂಟು ಹಿಡಿದುಕೊಂಡೇ ಓಡಿಬಂದ.

ಆಮೇಲೆ ಚಹಾ ಬಂತು. ಗುಂಡಿಯಕ್ಕ ಯಾರೂ ಹೇಳುವ ಮೊದಲೇ ತೂತಿನ ಲೋಟ ತೆಗೆದುಕೊಂಡಳು. ಅವಳು ಕುಡಿದು ಮುಗಿಸಿದ ಮೇಲೆ, ಲೋಟದ ಕಟ್ಟಳೆ ಕೇಳಿ ತಿಳಿದ ತಾತ, "ಬಾಣ ನಂಬಿದವನು ನಾನು, ನನಗೂ ಅದರಲ್ಲೇ ಹಾಕಿ" ಎಂದ. ಕೋಟಿಗೆ ಕಲೆಯಾಗದಂತೆ ಜೋಪಾನವಾಗಿ ಮುಂದಕ್ಕೆ ಬಾಗಿ ಕುಡಿದ.

ಭಾನುವಾರದ ಕೂಟ ಈಗಲೂ ಇದೆ. ಅಟ್ಟ ಗುಡಿಸುವವನು ಇನ್ನೂ ಗುಡಿಸುತ್ತಲೇ ಇದ್ದಾನೆ, ಇವರು ನಗುತ್ತಲೇ ಇದ್ದಾರೆ. ಅಮ್ಮನ ಡಬ್ಬ ಮಾತ್ರ ಮುಂದಿನ ಮೇಜಿನ ಮೇಲೆ ಬಂದಿದೆ, ಬಾಗಿಲನ್ನು ಪೂರ್ತಿ ಮೇಲಕ್ಕೆ ಎತ್ತಿರುತ್ತಾರೆ. ಓದು ಎಷ್ಟೇ ಜೋರಾಗಿರಲಿ, ಹೊಸಿಲಲ್ಲಿ ಯಾರಾದರೂ ಬಂದು ನಿಂತರೆ ಗುಂಡಿಯಕ್ಕ ಫೋನು ಕೆಳಗಿಟ್ಟು ಎದ್ದು ನಿಲ್ಲುತ್ತಾಳೆ.